ಸಿಮ್ ಕೂತರೆ ಸಾಲದು

ತಾಲ್ಲೂಕು ಕೇಂದ್ರದ ಯಾವುದೇ ಮೊಬೈಲ್ ಅಂಗಡಿಯ ಗಾಜಿನ ಕಪಾಟು ನೋಡಿ. ಕೆಳಗಿನ ಸಾಲಿನಲ್ಲಿ ಬಟನ್ ಫೋನುಗಳಿರುತ್ತವೆ. ಒಂದೇ ಅಳತೆ, ಹೆಚ್ಚುಕಡಿಮೆ ಒಂದೇ ತೂಕ, ನೆತ್ತಿಯ ಮೇಲೆ ಟಾರ್ಚು, ಬೆನ್ನಿಗೆ ಸ್ಪೀಕರು. ಮೂರನ್ನು ಹೊರತೆಗೆದು ಪಕ್ಕಪಕ್ಕ ಇಟ್ಟರೆ ಅಂಗಡಿಯ ಹುಡುಗ ಕೂಡ ಡಬ್ಬಿ ತಿರುಗಿಸಿ ಓದದೆ ಯಾವುದು ಏನೆಂದು ಹೇಳಲಾರ. ಒಂದು 2ಜಿ. ಇನ್ನೊಂದು ಯಾವ ಕಂಪನಿಯ ಸಿಮ್ಮಿಗೂ ಒಗ್ಗುವ 4ಜಿ. ಮತ್ತೊಂದು ಒಂದೇ ಕಂಪನಿಯ ಸಿಮ್ಮಿಗೆ ಬೀಗ ಬಿದ್ದ 4ಜಿ. ಬೆಲೆಯಲ್ಲಿ ಕೆಲವು ನೂರು ರೂಪಾಯಿಗಳ ವ್ಯತ್ಯಾಸ. ಉಳಿದ ವ್ಯತ್ಯಾಸವೆಲ್ಲ ಮನೆಗೆ ಬಂದು ಹಳೇ ಸಿಮ್ ಹಾಕಿದಾಗಲೇ ತಿಳಿಯುವುದು.

'ಎಲ್ಲಾ ಸಿಮ್ಮೂ ಹಿಡಿಯತ್ತೆ ಅಜ್ಜೀ, ಧೈರ್ಯವಾಗಿ ತಗೊಳ್ಳಿ' ಎಂದು ಅಂಗಡಿಯವನು ಹೇಳುವುದು ಪೂರ್ತಿ ಸುಳ್ಳಲ್ಲ. ಸಿಮ್ ಒಳಗೆ ಕೂರುತ್ತದೆ, ಪರದೆಯೂ ಬೆಳಗುತ್ತದೆ. ಕರೆ ಹೋಗುತ್ತದೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಆತ ಹೇಳುವುದಿಲ್ಲ, ಅಜ್ಜಿ ಕೇಳುವುದಿಲ್ಲ.

ಹಳೇ ಫೋನು ಚೆನ್ನಾಗಿ ನಡೆಯುತ್ತಿದ್ದರೆ ಸುಮ್ಮನೆ ಬದಲಿಸುವ ಅಗತ್ಯವೇ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 2003ರಲ್ಲಿ ಬಂದ ನೋಕಿಯಾ 1100 ಜಗತ್ತಿನಲ್ಲೆಲ್ಲ ಸುಮಾರು 25 ಕೋಟಿ ಮಾರಾಟವಾಯಿತು. ಧೂಳು ಒಳಹೋಗದ ಕೀಲಿಮಣೆ, ಕರೆಂಟು ಹೋದಾಗ ಟಾರ್ಚು ಎಂದು ನಮ್ಮಂಥ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಫೋನ್ ಅದು. ಅಂಥದ್ದೊಂದು ಇವತ್ತಿಗೂ ಕೆಲಸ ಮಾಡುತ್ತಿದ್ದರೆ ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಮೂರರ 2ಜಿ ಜಾಲದಲ್ಲೂ ಅದರಿಂದ ಮಾತಾಡಬಹುದು. ಇಲ್ಲಿ ಒಂದು ತಮಾಷೆಯಿದೆ. 2ಜಿಗಿಂತ ಮುಂದಿನದೆಂದು ಹೆಚ್ಚು ದುಡ್ಡು ಕೊಟ್ಟು 3ಜಿ ಫೋನ್ ಕೊಂಡವರದ್ದೇ ಮೊದಲು ಹಳತಾಯಿತು. ಏರ್‌ಟೆಲ್ 2019-20ರ ಹೊತ್ತಿಗೆ ತನ್ನ 3ಜಿಯನ್ನು ಮುಚ್ಚಿತು. ಅಲ್ಲಿ 3ಜಿ ಫೋನ್ ಈಗ 2ಜಿ ಫೋನಿನಂತೆಯೇ ಬದುಕುತ್ತಿದೆ. ತಮ್ಮನಿಗಿಂತ ಅಣ್ಣ ಹೆಚ್ಚು ದಿನ ಬಾಳಿದ.

ಫೋನಿನಲ್ಲಿ ಹಣ ಕಳಿಸಬೇಕೆಂಬ ಕಾರಣಕ್ಕೂ ಬದಲಿಸಬೇಕಿಲ್ಲ. ಬಟನ್ ಫೋನಿನಿಂದಲೇ ಕರೆ ಮಾಡಿ ಹಣ ಕಳಿಸುವ ಯುಪಿಐ 123ಪೇ 2022ರ ಮಾರ್ಚಿನಲ್ಲೇ ಬಂದಿದೆ.

ಆದರೂ ಬದಲಿಸಬೇಕಾದ ದಿನ ಬರುತ್ತದೆ. ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಕೂರುವುದಿಲ್ಲ, ಐದರ ಬಟನ್ ಒತ್ತಿದರೆ ಎಂಟು ಬೀಳುತ್ತದೆ, ಸಣ್ಣ ಪಿನ್ನಿನ ಚಾರ್ಜರ್ ಪೇಟೆಯಲ್ಲಿ ಸಿಗುವುದಿಲ್ಲ. ಇಲ್ಲವೇ ಮಕ್ಕಳೆಲ್ಲ ಜಿಯೋಗೆ ಹೋಗಿ ಅಪ್ಪನ ನಂಬರನ್ನೂ ಅಲ್ಲಿಗೇ ಪೋರ್ಟ್ ಮಾಡಿಸುತ್ತಾರೆ. ಜಿಯೋಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ಹಾಗಾಗಿ ಪೋರ್ಟ್ ಆದ ದಿನವೇ ಹಳೇ ಫೋನು ಬರೀ ಟಾರ್ಚಾಗುತ್ತದೆ.

ಕೊಳ್ಳುವವರು ಎಡವುವುದು ಹೆಚ್ಚಾಗಿ ಧ್ವನಿಯ ವಿಷಯದಲ್ಲಿ. ಮೊಬೈಲ್ ಎಂದಮೇಲೆ ಮಾತಾಡಲು ಬರಲೇಬೇಕು ಎಂದು ನಾವು ತಿಳಿದಿದ್ದೇವೆ. 4ಜಿಯ ಮಟ್ಟಿಗೆ ಅದು ನಿಜವಲ್ಲ. 2ಜಿ, 3ಜಿ ಜಾಲಗಳಲ್ಲಿ ಮಾತಿಗೆಂದೇ ಬೇರೆ ದಾರಿಯಿತ್ತು. ಕರೆ ಮುಗಿಯುವವರೆಗೆ ಆ ದಾರಿ ನಿಮ್ಮಿಬ್ಬರಿಗೇ ಮೀಸಲು. 4ಜಿಯನ್ನು ಕಟ್ಟಿದ್ದು ಡೇಟಾಕ್ಕಾಗಿ. ಅದರಲ್ಲಿ ಮಾತಿಗೆ ಮೀಸಲು ದಾರಿಯೇ ಇಲ್ಲ. ಆದ್ದರಿಂದ ಮೊದಮೊದಲು 4ಜಿ ಫೋನಿಗೆ ಕರೆ ಬಂದಾಗ ಜಾಲವು ಆ ಫೋನನ್ನು 3ಜಿಗೋ 2ಜಿಗೋ ಇಳಿಸಿ ಮಾತಾಡಿಸುತ್ತಿತ್ತು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತವನನ್ನು ಫೋನ್ ಬಂದಾಗಲೆಲ್ಲ ಇಳಿಸಿ ಶಟಲ್ ಬಸ್ಸಿಗೆ ಹತ್ತಿಸಿದ ಹಾಗೆ. ಆಮೇಲೆ ಮಾತನ್ನೇ ಡೇಟಾ ತುಣುಕುಗಳನ್ನಾಗಿ ಮಾಡಿ 4ಜಿಯಲ್ಲೇ ಕಳಿಸುವ ವ್ಯವಸ್ಥೆ ಬಂತು. ಅದೇ ವೋಲ್ಟಿ.

2016ರ ಸೆಪ್ಟೆಂಬರ್ 5ರಂದು ಜಿಯೋ ಶುರುವಾದಾಗ ದೇಶಕ್ಕೆ ದೇಶವೇ ಈ ಪಾಠ ಕಲಿಯಿತು. ಇಳಿಯಲು 2ಜಿ, 3ಜಿ ಇಲ್ಲದ ಜಾಲ ಅದು. ದುಬಾರಿ ಬೆಲೆಯ 4ಜಿ ಫೋನ್ ಇದ್ದವರೂ ಉಚಿತ ಸಿಮ್ಮಿಗೆ ಸರದಿಯಲ್ಲಿ ನಿಂತು ತಂದರು. ಹಾಕಿದರೆ ಇಂಟರ್‌ನೆಟ್ ಹಾರಾಡುತ್ತದೆ, ಕರೆ ಮಾತ್ರ ಹೋಗುವುದಿಲ್ಲ! ವೋಲ್ಟಿ ಇಲ್ಲದ ಆ ಫೋನುಗಳಲ್ಲಿ ಮಾತಾಡಲು ಜಿಯೋ ಒಂದು ಪ್ರತ್ಯೇಕ ಆ್ಯಪ್ ಕೊಡಬೇಕಾಯಿತು. ಆ್ಯಪ್ ಹಾಕಲು ಬಾರದ ಬಟನ್ ಫೋನಿಗೆ ಆ ಹಿಂಬಾಗಿಲೂ ಇಲ್ಲ. ಆದ್ದರಿಂದ ಡಬ್ಬಿಯ ಮೇಲೆ '4ಜಿ' ಎಂದು ದೊಡ್ಡದಾಗಿ ಅಚ್ಚಾಗಿದ್ದರೆ ಹಿಗ್ಗಬೇಡಿ. ನೀವು ಬಳಸುವ ಕಂಪನಿಯ ಜಾಲದಲ್ಲಿ ಇದರ ವೋಲ್ಟಿ ನಡೆಯುತ್ತದೆಯೇ ಎಂದು ಕೇಳಿ. ಇನ್ನೂ ಒಳ್ಳೆಯದು, ನಿಮ್ಮ ಸಿಮ್ಮನ್ನೇ ಅಂಗಡಿಯಲ್ಲಿ ಹಾಕಿಸಿ ಕರೆ ಮಾಡಿ ನೋಡುವುದು. ಕರೆ ನಡೆಯುತ್ತಿರುವಾಗಲೂ ಪರದೆಯ ಮೂಲೆಯಲ್ಲಿ 4ಜಿ ಗುರುತು ಹಾಗೇ ಉಳಿದಿದ್ದರೆ ಸರಿ. 2ಜಿಯ ಗುರುತಿಗೆ ಇಳಿದರೆ ಕರೆ ಹಳೇ ದಾರಿಯಲ್ಲಿ ಹೋಗುತ್ತಿದೆ ಎಂದರ್ಥ. ಇವತ್ತು ಪರವಾಗಿಲ್ಲ, ಆ ದಾರಿ ಮುಚ್ಚಿದ ದಿನ ಫೋನ್ ಮೂಕವಾಗುತ್ತದೆ.

ಇನ್ನು ಬೀಗದ ವಿಷಯ. ಭಾರತದಲ್ಲಿ ಇದು ಅಪರೂಪದ ಪದ್ಧತಿಯಾಗಿತ್ತು. ಫೋನ್ ಒಂದು ಅಂಗಡಿಯಲ್ಲಿ, ಸಿಮ್ ಪಕ್ಕದ ಬೀಡಾ ಅಂಗಡಿಯಲ್ಲಿ ಕೊಂಡು ಬೆಳೆದವರು ನಾವು. ಮಿಸ್ಡ್ ಕಾಲ್ ಕೊಟ್ಟು, ಹತ್ತು ರೂಪಾಯಿ ಕರೆನ್ಸಿ ಹಾಕಿಸಿ, ಯಾವ ಕಂಪನಿಯ ಆಫರ್ ಚೆನ್ನಾಗಿದೆಯೋ ಅದರ ಸಿಮ್ ಬದಲಿಸಿ ಬದುಕಿದವರು. ಇದಕ್ಕೆ ಹೊರತಾದದ್ದು ಸಿಡಿಎಂಎ ಎಂಬ ಬೇರೆ ತಂತ್ರಜ್ಞಾನದ ಫೋನುಗಳು. 2003ರಲ್ಲಿ ರಿಲಯನ್ಸ್ ಕೇವಲ 501 ರೂಪಾಯಿ ಕಟ್ಟಿಸಿಕೊಂಡು ಮನೆಮನೆಗೆ ಫೋನ್ ಮುಟ್ಟಿಸಿತು. ಅವುಗಳಲ್ಲಿ ಸಿಮ್ಮೇ ಇರಲಿಲ್ಲ, ನಂಬರು ಫೋನಿನ ಹೊಟ್ಟೆಯೊಳಗೇ ಕೂತಿತ್ತು. ಕಂಪನಿ ಬಿಟ್ಟರೆ ಫೋನನ್ನೂ ಬಿಟ್ಟಂತೆ. 2008ರ ಆಗಸ್ಟಿನಲ್ಲಿ ಐಫೋನ್ ಇಲ್ಲಿಗೆ ಬಂದಾಗ ಏರ್‌ಟೆಲ್ ಮತ್ತು ವೊಡಾಫೋನ್ ಅದನ್ನು ತಮ್ಮ ತಮ್ಮ ಬೀಗ ಹಾಕಿಯೇ ಮಾರಿದವು. ಅದು ಉಳ್ಳವರ ಸಂಗತಿ, ಊರಿಗೆ ತಟ್ಟಲಿಲ್ಲ. ಊರಿಗೆ ತಟ್ಟಿದ್ದು 2017ರಲ್ಲಿ ಘೋಷಣೆಯಾದ ಜಿಯೋಫೋನ್, 1,500 ರೂಪಾಯಿ ಠೇವಣಿಯದ್ದು. ಆಮೇಲೆ 2023ರಲ್ಲಿ 999 ರೂಪಾಯಿಯ ಜಿಯೋ ಭಾರತ್. ಎರಡೂ ಜಿಯೋ ಸಿಮ್ಮಿಗೆ ಮಾತ್ರ.

ಬೀಗ ಎಂದರೆ ಕಬ್ಬಿಣದ್ದೇನಲ್ಲ. ಪ್ರತಿಯೊಂದು ಸಿಮ್ಮಿನಲ್ಲೂ ನಮಗೆ ಕಾಣದ ಇನ್ನೊಂದು ನಂಬರು ಇರುತ್ತದೆ. ಅದರ ಮೊದಲ ಮೂರಂಕಿ ದೇಶದ್ದು (ಭಾರತಕ್ಕೆ 404, 405), ನಂತರದ ಅಂಕಿಗಳು ಕಂಪನಿ ಮತ್ತು ಸರ್ಕಲ್‌ನದು. ಕರ್ನಾಟಕದ ಬಿಎಸ್‌ಎನ್‌ಎಲ್ ಆದರೆ 404 71, ಏರ್‌ಟೆಲ್ ಆದರೆ 404 45. ಬೀಗ ಹಾಕಿದ ಫೋನ್ ಚಾಲೂ ಆದೊಡನೆ ಈ ಅಂಕಿಗಳನ್ನು ಓದುತ್ತದೆ, ತನಗೆ ಹೇಳಿಕೊಟ್ಟ ಅಂಕಿ ಅಲ್ಲದಿದ್ದರೆ ಸಿಮ್ಮನ್ನು ಒಪ್ಪುವುದಿಲ್ಲ. ತೆಗೆಯಬೇಕೆಂದರೆ ಬೀಗ ಹಾಕಿದ ಕಂಪನಿಯೇ ಕೋಡ್ ಕೊಡಬೇಕು, ಇಲ್ಲವೇ ದೂರದಿಂದಲೇ ಬಿಡಿಸಬೇಕು.

ಬೀಗ ಹಾಕಿ ಅಗ್ಗಕ್ಕೆ ಮಾರುವುದನ್ನು ನಾನು ಮೋಸ ಎನ್ನುವುದಿಲ್ಲ. ಕಂಪನಿ ಫೋನಿನಲ್ಲಿ ಬಿಟ್ಟುಕೊಟ್ಟದ್ದನ್ನು ಕರೆನ್ಸಿಯಲ್ಲಿ ವಸೂಲು ಮಾಡಿಕೊಳ್ಳುತ್ತದೆ, ಅಷ್ಟೇ. ಮನೆಯಲ್ಲಿ ಜಿಯೋ ಚೆನ್ನಾಗಿ ಸಿಗುತ್ತದೆ, ಮುಂದೆಯೂ ಅದೇ ಸಾಕು ಎನ್ನುವವರಿಗೆ ಸಾವಿರದ ಒಳಗೆ 4ಜಿ ಫೋನ್ ಸಿಗುವುದು ಲಾಭವೇ. ನನ್ನ ತಕರಾರು ಇರುವುದು ಆ ಸಂಗತಿಯನ್ನು ಹೇಳದೆ ಮಾರುವುದರ ಬಗ್ಗೆ. ಬ್ರಿಟನ್ನಿನಲ್ಲಿ 2021ರ ಡಿಸೆಂಬರಿನಿಂದ ಬೀಗ ಹಾಕಿದ ಫೋನ್ ಮಾರುವುದನ್ನೇ ನಿಷೇಧಿಸಿದ್ದಾರೆ, ಕೆನಡಾದಲ್ಲಿ 2017ರ ಡಿಸೆಂಬರಿನಿಂದಲೇ ಹಾಗಿದೆ. ನಮ್ಮಲ್ಲಿ ಅಷ್ಟು ಬೇಡ. 'ಈ ಫೋನಿಗೆ ಇಂಥ ಕಂಪನಿಯ ಸಿಮ್ ಮಾತ್ರ' ಎಂದು ಡಬ್ಬಿಯ ಮೇಲೆ ಕನ್ನಡದಲ್ಲಿ, ಬೆಲೆ ಬರೆದಷ್ಟೇ ದೊಡ್ಡ ಅಕ್ಷರದಲ್ಲಿ ಬರೆದರೆ ಸಾಕು.

ಏಕೆಂದರೆ ಮಲೆನಾಡಿಗೆ ಹೋದರೆ ಈ ಬೀಗ ಬೇರೆಯೇ ಅರ್ಥ ಪಡೆಯುತ್ತದೆ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಜೋಯಿಡಾ ಕಡೆಯ ಒಳಹಳ್ಳಿಗಳಲ್ಲಿ ಮನೆಯ ಅಂಗಳಕ್ಕೆ ಬರುವುದು ಯಾವುದೋ ಒಂದೇ ಕಂಪನಿಯ ರೇಂಜು. ಬಹಳ ಕಡೆ ಅದು ಬಿಎಸ್‌ಎನ್‌ಎಲ್. ಶಿವಮೊಗ್ಗದ ಅಂಗಡಿಯಲ್ಲಿ ನಾಲ್ಕು ಕಡ್ಡಿ ತೋರಿಸಿದ ಬೀಗದ ಫೋನ್ ಘಟ್ಟದ ಮನೆಗೆ ಬಂದಾಗ ಪೂರ್ತಿ ಸತ್ತಂತೆ. ಅದಕ್ಕೆ ಊರಿನ ಸಿಮ್ ಹಾಕುವಂತಿಲ್ಲ, ಇರುವ ಸಿಮ್ಮಿಗೆ ಟವರ್ ಇಲ್ಲ. ಬೆಂಗಳೂರಲ್ಲಿದ್ದುಕೊಂಡು ಅಪ್ಪ ಅಮ್ಮನಿಗೆ ಆನ್‌ಲೈನಿನಲ್ಲಿ ಫೋನ್ ಕಳಿಸುವ ಮಕ್ಕಳು ಮೊದಲು ಕೇಳಬೇಕಾದ್ದು ಊರಿನಲ್ಲಿ ಯಾವ ರೇಂಜು ಬರುತ್ತದೆ ಎಂಬ ಒಂದೇ ಪ್ರಶ್ನೆ. ಬಣ್ಣ ಆಮೇಲೆ ಆರಿಸಬಹುದು.

ಬಿಎಸ್‌ಎನ್‌ಎಲ್ ಊರುಗಳಿಗೆ ಇನ್ನೊಂದು ಸೂಕ್ಷ್ಮವಿದೆ. ಇದು ಅಂಗಡಿಯವರಿಗೂ ಹೆಚ್ಚಾಗಿ ಗೊತ್ತಿರುವುದಿಲ್ಲ. 4ಜಿ ಎಂಬುದು ಒಂದೇ ತರಂಗದಲ್ಲಿ ಬರುವುದಿಲ್ಲ, ಹಲವು ಬ್ಯಾಂಡುಗಳಲ್ಲಿ ಬರುತ್ತದೆ. ಪ್ರತಿ ಬ್ಯಾಂಡಿಗೂ ಒಂದು ಸಂಖ್ಯೆ. ಜಿಯೋ ಬಳಸುವುದು ಮುಖ್ಯವಾಗಿ 3, 5, 40. ಏರ್‌ಟೆಲ್ 1, 3, 8, 40. ನಮ್ಮ ಪೇಟೆಯ ಅಗ್ಗದ ಫೋನುಗಳನ್ನು ಮಾಡಿದ್ದೇ ಇವುಗಳನ್ನು ಲೆಕ್ಕಕ್ಕಿಟ್ಟುಕೊಂಡು. ಬಿಎಸ್‌ಎನ್‌ಎಲ್ 4ಜಿಯ ಬೆನ್ನೆಲುಬು 700 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28. ಸಂಪರ್ಕವೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರ್ಕಾರ 2022ರ ಜುಲೈಯಲ್ಲಿ ಒಪ್ಪಿಗೆ ಕೊಟ್ಟಿತು. ದೇಶದಲ್ಲೇ ತಯಾರಾದ ಬಿಎಸ್‌ಎನ್‌ಎಲ್ 4ಜಿ ಜಾಲ 2025ರ ಸೆಪ್ಟೆಂಬರಿನಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು. ಅದರ ರೇಡಿಯೊ ಉಪಕರಣಗಳು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನವು. 700 ಮೆಗಾಹರ್ಟ್ಸ್ ತರಂಗ ಗುಡ್ಡ ಮರಗಳ ನಡುವೆ ಹೆಚ್ಚು ದೂರ ಸಾಗುತ್ತದೆ, ಮಣ್ಣಿನ ಗೋಡೆಯನ್ನೂ ಹೊಗುತ್ತದೆ. ಮಲೆನಾಡಿಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಕೈಯಲ್ಲಿರುವ ಫೋನಿನ ಪಟ್ಟಿಯಲ್ಲಿ 28 ಇಲ್ಲದಿದ್ದರೆ ಟವರ್ ಮನೆಯ ಎದುರಿಗೇ ಇದ್ದರೂ ಆ ತರಂಗ ಫೋನಿಗೆ ಕಾಣುವುದಿಲ್ಲ. ಪುಣ್ಯಕ್ಕೆ ಬಿಎಸ್‌ಎನ್‌ಎಲ್ 2ಜಿ ಇನ್ನೂ ಇದೆ, ಮಾತಾದರೂ ನಡೆಯುತ್ತದೆ. ಹಳ್ಳಿಯ ಬಿಎಸ್‌ಎನ್‌ಎಲ್ ಸಿಮ್ಮಿಗೆಂದೇ ಫೋನ್ ಕೊಳ್ಳುವವರು 'ಬ್ಯಾಂಡ್ 28 ಇದೆಯಾ' ಎಂದು ಕೇಳಿ. ಅಂಗಡಿಯವನು ತಬ್ಬಿಬ್ಬಾದರೆ ತಯಾರಕರ ಜಾಲತಾಣದಲ್ಲಿ ಆ ಮಾದರಿಯ ವಿವರ ತೆರೆದು ನೋಡಿ.

ಸಮುದ್ರದಾಚೆ ಇದೇ ಕಥೆ ಇನ್ನೂ ಒರಟಾಗಿ ನಡೆದಿದೆ. ಅಮೆರಿಕದಲ್ಲಿ ಎಟಿ ಅಂಡ್ ಟಿ 2022ರ ಫೆಬ್ರವರಿ 22ಕ್ಕೆ, ಟಿ-ಮೊಬೈಲ್ ಅದೇ ವರ್ಷ ಜುಲೈಯಲ್ಲಿ, ವೆರೈಜನ್ ವರ್ಷದ ಕೊನೆಗೆ 3ಜಿ ಮುಚ್ಚಿದವು. ಪ್ರೀಪೇಯ್ಡ್ ಕಾರ್ಡ್ ಹಾಕಿಸಿಕೊಂಡು ಮಡಚುವ ಸಣ್ಣ ಫೋನಿನಲ್ಲೇ ಸುಖವಾಗಿದ್ದ ಎಷ್ಟೋ ವಯಸ್ಸಾದವರು ಒಮ್ಮೆಲೇ ಹೊಸ ಫೋನ್ ಹುಡುಕಬೇಕಾಯಿತು. ಎಟಿ ಅಂಡ್ ಟಿಯಂತೂ ತಾನು ಪರೀಕ್ಷಿಸಿ ಒಪ್ಪಿದ ಮಾದರಿಗಳ ಪಟ್ಟಿಯನ್ನೇ ಮಾಡಿತು. ಆ ಪಟ್ಟಿಯಲ್ಲಿಲ್ಲದ ಫೋನಿನಲ್ಲಿ 4ಜಿ ಇರಲಿ, ವೋಲ್ಟಿ ಇರಲಿ, ಬೀಗವೇ ಇಲ್ಲದಿರಲಿ, ಜಾಲಕ್ಕೆ ಪ್ರವೇಶವಿಲ್ಲ. ಮಗಳ ಬಾಣಂತನಕ್ಕೆಂದು ಡಲ್ಲಾಸಿಗೋ ಸ್ಯಾನ್ ಹೋಸೆಗೋ ಹೋಗಿ ಆರು ತಿಂಗಳು ಇರುವ ನಮ್ಮ ತಂದೆತಾಯಂದಿರು ಎಡವುವುದು ಇಲ್ಲೇ. ಭಾರತದ ಫೋನಿಗೆ ಬೀಗವಿಲ್ಲ ನಿಜ. ಆದರೆ ಅಮೆರಿಕದಲ್ಲಿ ಬಳಕೆಯಲ್ಲಿರುವ 13, 71ರಂಥ ಬ್ಯಾಂಡುಗಳು ಇಲ್ಲಿಯ ಅಗ್ಗದ ಫೋನುಗಳಲ್ಲಿ ಇರುವುದು ಅಪರೂಪ. ಅಲ್ಲಿಯ ಪ್ರೀಪೇಯ್ಡ್ ಸಿಮ್ ಕೊಳ್ಳುವ ಮೊದಲು ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐಯನ್ನು ಆ ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಲು ಮಕ್ಕಳಿಗೆ ಹೇಳಿ. ಎರಡು ನಿಮಿಷದ ಕೆಲಸ.

ಹಿಂತಿರುಗಿ ಬರುವಾಗ ತರುವ ಉಡುಗೊರೆಯ ಫೋನುಗಳದ್ದು ತಿರುಗುಮುರುಗಾದ ತೊಂದರೆ. ಅಲ್ಲಿನ ಪ್ರೀಪೇಯ್ಡ್ ಅಂಗಡಿಗಳಲ್ಲಿ ನಂಬಲಾರದಷ್ಟು ಅಗ್ಗಕ್ಕೆ ಫೋನ್ ಸಿಗುತ್ತದೆ. ಅಗ್ಗವಾಗಿರುವುದೇ ಬೀಗದ ಕಾರಣಕ್ಕೆ. ಕೊಂಡವರು ತಮ್ಮ ಫೋನಿನ ಬೀಗ ತೆಗೆಸುವುದು ಅಪರಾಧವಲ್ಲ ಎಂದು 2014ರ ಆಗಸ್ಟಿನಲ್ಲಿ ಅಲ್ಲಿ ಕಾನೂನೇ ಆಯಿತು. ಆದರೆ ಪ್ರೀಪೇಯ್ಡ್ ಫೋನಿನ ಬೀಗ ತೆಗೆಯಲು ಕಂಪನಿಗಳು ಒಂದು ವರ್ಷದವರೆಗೂ ಕಾಯಿಸಬಹುದು ಎಂಬುದು ಆ ಉದ್ಯಮ ತನಗೆ ತಾನೇ ಹಾಕಿಕೊಂಡ ಸಂಹಿತೆ. ಅಷ್ಟು ಕಾಲ ಅಲ್ಲಿಯ ಜಾಲದಲ್ಲಿ ಓಡದೆ, ಸೂಟ್‌ಕೇಸಿನಲ್ಲಿ ಹುಬ್ಬಳ್ಳಿಗೆ ಬಂದ ಫೋನ್ ಇಲ್ಲಿಯ ಸಿಮ್ ಒಪ್ಪುವುದಿಲ್ಲ, ಇಲ್ಲಿಂದ ಅದನ್ನು ಬಿಡಿಸುವುದೂ ಸುಲಭವಲ್ಲ. ಐಫೋನ್ ಆದರೆ ಸೆಟ್ಟಿಂಗ್ಸಿನಲ್ಲಿ 'ಅಬೌಟ್' ಪುಟ ತೆರೆದು ಕ್ಯಾರಿಯರ್ ಲಾಕ್ ಇದೆಯೇ ಎಂದು ಅಲ್ಲೇ ನೋಡಿಬಿಡಬಹುದು. ಜೊತೆಗೆ 2022ರ ಐಫೋನ್ 14ರಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಐಫೋನುಗಳಿಗೆ ಸಿಮ್ ಹಾಕುವ ತಟ್ಟೆಯೇ ಇಲ್ಲ, ಎಲ್ಲ ಇ-ಸಿಮ್. ಬೀದಿ ಬದಿಯ ಕೊಡೆಯ ಕೆಳಗೆ ಕೂತು ಸಿಮ್ ಮಾರುವ ಹುಡುಗನಿಂದ ಆಗುವ ಕೆಲಸವಲ್ಲ ಅದು.

ಸರಿಯಾದ ಫೋನ್ ಸಿಕ್ಕಿತು ಎನ್ನಿ. ಈಗ ಸಿಮ್ಮಿನ ಸರದಿ. ಹತ್ತು ಹದಿನೈದು ವರ್ಷದ ಹಿಂದಿನ 2ಜಿ ಸಿಮ್ 4ಜಿ ಫೋನಿನಲ್ಲೂ 2ಜಿಯಾಗಿಯೇ ಉಳಿಯುತ್ತದೆ, ಅದರ ಗುರುತು ಪರೀಕ್ಷೆಯ ವಿಧಾನ ಹಳೆಯದು. ಕಂಪನಿಯ ಮಳಿಗೆಯಲ್ಲಿ ಅದೇ ನಂಬರಿಗೆ 4ಜಿ ಸಿಮ್ ಕೊಡುತ್ತಾರೆ, ಬಹುತೇಕ ಉಚಿತವಾಗಿ. ಆದರೆ ಸಿಮ್ ಯಾರ ಹೆಸರಿನಲ್ಲಿದೆಯೋ ಅವರೇ ಬಂದು ಗುರುತು ದೃಢಪಡಿಸಬೇಕು. ಹಳ್ಳಿಗಳಲ್ಲಿ ಹಲವು ಮನೆಗಳ ಬಣ್ಣ ಬಯಲಾಗುವುದು ಇಲ್ಲಿ. ಅಮ್ಮ ಬಳಸುತ್ತಿರುವ ನಂಬರು ಮದುವೆಯಾಗಿ ಹೋದ ಮಗಳ ಹೆಸರಲ್ಲಿರುತ್ತದೆ, ಅಜ್ಜನದು ಸಿಮ್ ಮಾರಿದವನ ಹೆಸರಲ್ಲೇ ಇರುತ್ತದೆ, ಕೆಲವೊಮ್ಮೆ ತೀರಿಕೊಂಡವರ ಹೆಸರಲ್ಲಿ. ಆಧಾರ್, ಬ್ಯಾಂಕ್ ಖಾತೆ, ಗೃಹಲಕ್ಷ್ಮಿಯ ಅರ್ಜಿ, ಗ್ಯಾಸ್ ಬುಕಿಂಗ್ ಎಲ್ಲ ಆ ನಂಬರಿಗೇ ಅಂಟಿಕೊಂಡಿವೆ. ಫೋನ್ ಬದಲಿಸುವ ನೆಪದಲ್ಲಾದರೂ ನಂಬರನ್ನು ಬಳಸುವವರ ಹೆಸರಿಗೆ ಮಾಡಿಸಿಬಿಡುವುದು ಒಳ್ಳೆಯದು. ಫೋನಿನ ಬೆಲೆಗಿಂತ ಹೆಚ್ಚು ಬೆಲೆಯ ಕೆಲಸ ಇದು.

ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ನಿಮ್ಮ ಹೆಸರಲ್ಲಿ ಇನ್ನಾರೋ ಸಿಮ್ ತೆಗೆದುಕೊಂಡು ಬ್ಯಾಂಕಿನ ಒಟಿಪಿ ಹೊಡೆಯದಿರಲಿ ಎಂದು ಮಾಡಿದ ನಿಯಮ. 2024ರ ಜುಲೈ 1ರಿಂದ, ಸಿಮ್ ಬದಲಿಸಿದ ಏಳು ದಿನಗಳ ತನಕ ನಂಬರ್ ಪೋರ್ಟ್ ಮಾಡಲೂ ಬರುವುದಿಲ್ಲ. ಆದ್ದರಿಂದ ಬ್ಯಾಂಕಿನ ಕೆಲಸ ಇರುವ ದಿನದ ಹಿಂದಿನ ಸಂಜೆ ಸಿಮ್ ಬದಲಿಸಲು ಹೋಗಬೇಡಿ. ಹಾಗೆಯೇ ಹೊಸ ಫೋನ್ ಬಂದಾಗ ನೋಡೋಣ ಎಂದು ಹಳೇ ಸಿಮ್ಮನ್ನು ತಿಂಗಳುಗಟ್ಟಲೆ ಡಬ್ಬಿಯಲ್ಲಿಡಬೇಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2013ರ ನಿಯಮದಂತೆ 90 ದಿನ ಬಳಕೆಯಾಗದ ಪ್ರೀಪೇಯ್ಡ್ ನಂಬರನ್ನು ಕಂಪನಿ ಕಡಿದುಹಾಕಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ನಂಬರ್ ಉಳಿಸುವ ವ್ಯವಸ್ಥೆಯೂ ಅದೇ ನಿಯಮದಲ್ಲಿದೆ. ಬಟನ್ ಫೋನಿನವರು ತಾವು ಬಳಸದ ಡೇಟಾಕ್ಕೆ ದುಡ್ಡು ಕೊಡಬೇಕಿಲ್ಲ ಎಂಬುದೂ ನೆನಪಿರಲಿ. ಮಾತು ಮತ್ತು ಎಸ್‌ಎಂಎಸ್‌ಗೆ ಮಾತ್ರ ಪ್ರತ್ಯೇಕ ರೀಚಾರ್ಜ್ ಇಡಲೇಬೇಕೆಂದು ಟ್ರಾಯ್ 2024ರ ಡಿಸೆಂಬರಿನಲ್ಲಿ ಕಡ್ಡಾಯ ಮಾಡಿದೆ. ಅಂಗಡಿಯವನು ತಾನಾಗಿ ಹೇಳುವುದಿಲ್ಲ, ಕೇಳಿ ಹಾಕಿಸಿಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು *#06# ಒತ್ತಿದರೆ ಹದಿನೈದಂಕಿಯ ಐಎಂಇಐ ಬರುತ್ತದೆ. 2009ರ ಕೊನೆಗೆ ಐಎಂಇಐ ಇಲ್ಲದ ಚೈನಾ ಫೋನುಗಳ ಕರೆಯನ್ನೆಲ್ಲ ದೇಶದಲ್ಲಿ ನಿಲ್ಲಿಸಿದ್ದು ಹಲವರಿಗೆ ನೆನಪಿರಬಹುದು. ಈಗ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಅಥವಾ 'ಕೆವೈಎಂ' ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಖಾಲಿ ಜಾಗ, ಆಮೇಲೆ ಆ ಹದಿನೈದಂಕಿ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿ ಫೋನಿನ ಜಾತಕ ನೋಡಬಹುದು. ಕಪ್ಪುಪಟ್ಟಿಯಲ್ಲಿದೆ, ನಕಲು ಅಥವಾ ಈಗಾಗಲೇ ಬೇರೆಡೆ ಬಳಕೆಯಲ್ಲಿದೆ ಎಂಬ ಉತ್ತರ ಬಂದರೆ ಎಷ್ಟೇ ಅಗ್ಗವಾದರೂ ಬೇಡ. ಐಎಂಇಐ ಬದಲಿಸಿಕೊಡುತ್ತೇನೆ ಎನ್ನುವವರ ಸಹವಾಸವಂತೂ ಬೇಡವೇ ಬೇಡ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ಹಳೇ ಫೋನನ್ನು ಅಂಗಡಿಯವನ ಕೈಗೆ ಕೊಡುವ ಮುಂಚೆ ಹೆಸರು ನಂಬರುಗಳು ಎಲ್ಲಿವೆ ನೋಡಿ. ಸಿಮ್ಮಿನಲ್ಲಿ ಹೆಚ್ಚೆಂದರೆ ಇನ್ನೂರೈವತ್ತು ಹಿಡಿಯುತ್ತವೆ, ಉಳಿದವು ಫೋನಿನ ಮೆಮರಿಯಲ್ಲಿರುತ್ತವೆ. ಸಿಮ್ ಬದಲಾದರೆ ಸಿಮ್ಮಿನವು ಹೋದವು, ಫೋನ್ ಕೊಟ್ಟರೆ ಫೋನಿನವು ಹೋದವು. ಎರಡನ್ನೂ ಒಂದೇ ಮಧ್ಯಾಹ್ನ ಕೈಬಿಟ್ಟವರು ಆಮೇಲೆ ಮದುವೆ ಕಾಗದ ಹಂಚಲು ನೆಂಟರ ನಂಬರಿಗಾಗಿ ಮನೆಮನೆ ಅಲೆಯುತ್ತಾರೆ. ಬಟನ್ ಫೋನಿನಲ್ಲಿ ಇದಕ್ಕೆ ದೊಡ್ಡ ತಂತ್ರವೇನಿಲ್ಲ. ಮನೆಯ ಯಾವುದಾದರೂ ಹುಡುಗನನ್ನು ಕೂರಿಸಿ, ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಸಿ, ಹೊಸದರಲ್ಲಿ ಒಂದೊಂದಾಗಿ ಹಾಕಿಸುವುದು. ನೋಟ್‌ಬುಕ್ಕನ್ನು ಎಸೆಯಬೇಡಿ.